ಎದೆಯೊಳಗಿನ ಕಾವಲುಗಾರರು

ಆಟಿ ತಿಂಗಳ ಒಂದು ಭಾನುವಾರ. ಪೂಜೆ ಮುಗಿಸಿ ಹೊರಬಂದರೆ ಇಗರ್ಜಿಯ ಮುಖಮಂಟಪದಲ್ಲಿ ಕಾಲಿಡಲು ಜಾಗವಿಲ್ಲ. ಹೊರಗೆ ಧೋ ಎಂದು ಮಳೆ. ನಮ್ಮ ವಾರ್ಡಿನ ಒಬ್ಬ ತಾಯಿ ಜನರ ನಡುವೆ ನುಸುಳಿಕೊಂಡು ನನ್ನ ಹತ್ತಿರ ಬಂದಳು. ಹಲವು ವರ್ಷ ದಾದಿಯಾಗಿ ದುಡಿದ ನನ್ನನ್ನು ಕಂಡರೆ ಜನರಿಗೆ ಕಾಯಿಲೆಯ ನೆನಪಾಗುವುದು ಸಹಜ.

“ಅಕ್ಕಾ, ಮಗನಿಗೆ ನಾಲ್ಕು ದಿನ ಜ್ವರ ಇತ್ತು. ಬಿಟ್ಟಿತು. ಎರಡು ದಿನ ಚೆನ್ನಾಗಿ ಆಡಿಕೊಂಡಿದ್ದ. ನಿನ್ನೆ ರಾತ್ರಿಯಿಂದ ಮತ್ತೆ ಬಂದಿದೆ. ಉಸಿರೆಳೆದರೆ ಎದೆ ಚುಚ್ಚುತ್ತದೆ ಅನ್ನುತ್ತಾನೆ. ವೈರಲ್ ಜ್ವರ ತಾನೇ, ಅದಾಗಿ ಹೋಗುತ್ತದಲ್ಲಾ?”

ಹೋಗುತ್ತದೆ ಎಂದು ನಾನು ಹೇಳಲಿಲ್ಲ. ಮಳೆ ನಿಲ್ಲುವುದನ್ನು ಕಾಯದೆ ಈಗಲೇ ಡಾಕ್ಟರಿಗೆ ತೋರಿಸು ಎಂದೆ. ಯಾಕೆ ಹಾಗೆ ಹೇಳಿದೆ ಎಂದು ವಿವರಿಸಲು ಆಗ ಪುರುಸೊತ್ತಿರಲಿಲ್ಲ. ಆ ವಿವರಣೆಯೇ ಈ ಲೇಖನ. ಅದನ್ನು ಪೋರ್ಚುಗಲ್ ದೇಶದ ಇಬ್ಬರು ಮಕ್ಕಳಿಂದ ಆರಂಭಿಸುತ್ತೇನೆ.

ಫಾತಿಮಾ ಮಾತೆಯ ಪಟವಿಲ್ಲದ ಮನೆ ನಮ್ಮ ಧರ್ಮಕೇಂದ್ರದಲ್ಲಿ ಅಪರೂಪ. ಮಾತೆಯ ಮುಂದೆ ಮೊಣಕಾಲೂರಿದ ಮೂವರು ಮಕ್ಕಳಲ್ಲಿ ಲೂಸಿಯಾ ಮಾತ್ರ ಮುದುಕಿಯಾಗುವವರೆಗೆ ಬದುಕಿದಳು. ಕಾರ್ಮೆಲ್ ಮಠದಲ್ಲಿ 2005ರ ಫೆಬ್ರವರಿ 13ರಂದು ತೀರಿಕೊಂಡಾಗ ಆಕೆಗೆ 97 ವರ್ಷ. ಉಳಿದಿಬ್ಬರು, ಅಣ್ಣ ಫ್ರಾನ್ಸಿಸ್ಕೊ ಮಾರ್ತೊ ಮತ್ತು ತಂಗಿ ಜಸಿಂತಾ, ದೊಡ್ಡವರಾಗಲೇ ಇಲ್ಲ. ಮಾತೆಯ ದರ್ಶನವಾದದ್ದು 1917ರಲ್ಲಿ. ಮರುವರ್ಷದ ಕೊನೆಗೆ ಅವರ ಹಳ್ಳಿ ಅಲ್ಜುಸ್ತ್ರೆಲ್‌ಗೆ ಸ್ಪ್ಯಾನಿಷ್ ಫ್ಲೂ ಎಂಬ ಜ್ವರ ಬಂತು. ಮಾರ್ತೊ ಮನೆಯವರು ಹಾಸಿಗೆ ಹಿಡಿದರು. ಫ್ರಾನ್ಸಿಸ್ಕೊ ಒಮ್ಮೆ ಚೇತರಿಸಿಕೊಂಡಂತೆ ಕಂಡು ಮತ್ತೆ ಕುಸಿದ. ಪರಮಪ್ರಸಾದ ಸ್ವೀಕರಿಸಿದ ಮರುದಿನ, 1919ರ ಏಪ್ರಿಲ್ 4ರಂದು, ತನ್ನ ಮನೆಯಲ್ಲೇ ಕಣ್ಣು ಮುಚ್ಚಿದ. ಅವನಿಗೆ ಹತ್ತು ವರ್ಷ.

ಜಸಿಂತಾಳ ಕಥೆ ಇನ್ನೂ ದೀರ್ಘ. ಜ್ವರ ಹೋಯಿತು, ಆದರೆ ಶ್ವಾಸಕೋಶವನ್ನು ಸುತ್ತಿರುವ ಪೊರೆಯಲ್ಲಿ ಕೀವು ತುಂಬಿಕೊಂಡಿತು. ಒಂದು ವರ್ಷಕ್ಕೂ ಮೀರಿ ಆ ಮಗು ನರಳಿತು. ಕೊನೆಗೆ ಲಿಸ್ಬನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಎರಡು ಪಕ್ಕೆಲುಬುಗಳನ್ನು ತೆಗೆದು ಕೀವು ಬಸಿದರು. ಪೂರ್ತಿ ಪ್ರಜ್ಞೆ ತಪ್ಪಿಸುವಷ್ಟು ಶಕ್ತಿ ಅವಳ ದೇಹದಲ್ಲಿ ಉಳಿದಿರಲಿಲ್ಲವಾದ್ದರಿಂದ ಆ ಜಾಗವನ್ನಷ್ಟೇ ಮರಗಟ್ಟಿಸಿ ಕೊಯ್ದರು. ಹತ್ತು ದಿನಗಳ ನಂತರ, 1920ರ ಫೆಬ್ರವರಿ 20ರ ರಾತ್ರಿ, ಹತ್ತಿರ ಮನೆಯವರು ಯಾರೂ ಇಲ್ಲದಾಗ ಅವಳು ತೀರಿಕೊಂಡಳು. ಹತ್ತು ವರ್ಷ ತುಂಬಿರಲಿಲ್ಲ. 2017ರ ಮೇ 13ರಂದು ಪೋಪ್ ಫ್ರಾನ್ಸಿಸ್ ಇಬ್ಬರನ್ನೂ ಸಂತರೆಂದು ಘೋಷಿಸಿದರು.

ಆ ಮಕ್ಕಳು ತಮ್ಮ ನೋವನ್ನು ಪಾಪಿಗಳಿಗಾಗಿ ಅರ್ಪಿಸಿದ ಸಂಗತಿಯನ್ನು ನಾವು ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದೇವೆ. ದಾದಿಯಾದ ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಪ್ರಶ್ನೆ. ವಾರದಲ್ಲಿ ಹೋಗಬೇಕಾದ ಜ್ವರ ಒಂದು ವರ್ಷ ಕಳೆದ ಮೇಲೆ ಮಗುವನ್ನು ಕೊಲ್ಲುವುದು ಹೇಗೆ?

ಕಸ ಗುಡಿಸುವ ಕೂದಲು

ನಾವು ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಸೇದುತ್ತೇವೆ. ಅದು ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಶ್ವಾಸನಾಳಕ್ಕೆ, ಅಲ್ಲಿಂದ ಮರದ ಕೊಂಬೆಗಳಂತೆ ಕವಲೊಡೆಯುವ ಸಣ್ಣ ನಳಿಕೆಗಳಿಗೆ ಹೋಗಿ ಕೊನೆಗೆ ಗಾಳಿಗೂಡುಗಳನ್ನು ತಲಪುತ್ತದೆ. ಇಂಥ ಗೂಡುಗಳು 30ರಿಂದ 50 ಕೋಟಿ ಇವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ಅಡಿಕೆ ಒಣಗಿಸುವ ಒಂದು ಸಾಧಾರಣ ಅಂಗಳದಷ್ಟು. ಗೂಡಿನ ಗೋಡೆಯಾದರೋ ಈರುಳ್ಳಿಯ ಸಿಪ್ಪೆಗಿಂತಲೂ ಎಷ್ಟೋ ಪಾಲು ತೆಳು. ಅದರ ಒಂದು ಕಡೆ ಗಾಳಿ, ಇನ್ನೊಂದು ಕಡೆ ರಕ್ತ. ಅಷ್ಟು ತೆಳುವಾಗಿದ್ದರೆ ಮಾತ್ರ ಆಮ್ಲಜನಕ ದಾಟಬಲ್ಲದು. ಶ್ವಾಸಕೋಶದ ಕಷ್ಟವೆಲ್ಲ ಇದೇ. ಚರ್ಮದಂತೆ ದಪ್ಪ ಗೋಡೆ ಕಟ್ಟಿಕೊಂಡು ವೈರಿಯನ್ನು ಹೊರಗಿಡಲು ಅದಕ್ಕೆ ಸಾಧ್ಯವಿಲ್ಲ.

ಹಾಗಾಗಿ ಮೊದಲ ಕಾವಲು ಗಾಳಿಯ ದಾರಿಯಲ್ಲೇ ಇದೆ. ನಳಿಕೆಗಳ ಒಳಮೈಗೆ ತೆಳುವಾದ ಲೋಳೆ. ಅದರ ಕೆಳಗೆ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಕೂದಲುಗಳು. ಗಾಳಿ ಬೀಸಿದಾಗ ಗದ್ದೆಯ ಪೈರು ಬಾಗುವಂತೆ ಅವು ಒಂದೇ ಕಡೆಗೆ, ಸೆಕೆಂಡಿಗೆ ಹತ್ತು ಸಲಕ್ಕೂ ಹೆಚ್ಚು ಬಾಗುತ್ತವೆ. ಲೋಳೆಗೆ ಅಂಟಿದ ಧೂಳು, ಹೊಗೆಯ ಕಣ, ರೋಗಾಣು ಎಲ್ಲವೂ ಮೇಲಕ್ಕೆ ಸಾಗಿ ಗಂಟಲಿಗೆ ಬರುತ್ತವೆ. ನಮಗೆ ಗೊತ್ತಿಲ್ಲದೆಯೇ ನಾವು ಅದನ್ನು ನುಂಗುತ್ತೇವೆ, ಹೊಟ್ಟೆಯ ಆಮ್ಲ ಉಳಿದ ಕೆಲಸ ಮುಗಿಸುತ್ತದೆ. ಬೀಡಿ ಸಿಗರೇಟಿನ ಹೊಗೆ ಈ ಕೂದಲುಗಳನ್ನು ಹಾಳುಮಾಡುತ್ತದೆ. ಬಚ್ಚಲ ಒಲೆಯ ಹೊಗೆಯೂ ಒಳ್ಳೆಯದಲ್ಲ. ಬೀಡಿ ಸೇದುವವರ ಬೆಳಗಿನ ಕೆಮ್ಮು ಎಂದರೆ ಪೊರಕೆಯಿಲ್ಲದ ಮನೆಯನ್ನು ಕೈಯಲ್ಲಿ ಬಾಚಿದ ಹಾಗೆ.

ಇದನ್ನೂ ದಾಟಿ ಗಾಳಿಗೂಡಿಗೆ ಇಳಿದದ್ದನ್ನು ನುಂಗಲು ಅಲ್ಲೇ ಕೆಲವು ದೊಡ್ಡ ಜೀವಕೋಶಗಳು ಸದಾ ಓಡಾಡುತ್ತಿರುತ್ತವೆ. ಅವುಗಳನ್ನು ಭಕ್ಷಕ ಕೋಶಗಳೆನ್ನುತ್ತಾರೆ. ಗಲಾಟೆಯಿಲ್ಲದೆ ಗುಡಿಸಿ ಸ್ವಚ್ಛ ಮಾಡುವುದು ಅವುಗಳ ಕೆಲಸ. ಇವುಗಳ ಹೆಸರನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಳ್ಳ ಒಳಗೆ ಬಂದ ಮೇಲೆ

ಫ್ಲೂ ವೈರಸ್ಸಿನ ಗಾತ್ರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅದಕ್ಕೆ ಸ್ವಂತ ಒಲೆಯೂ ಇಲ್ಲ, ಪಾತ್ರೆಯೂ ಇಲ್ಲ. ನಮ್ಮ ಜೀವಕೋಶದೊಳಗೆ ಹೊಕ್ಕು ನಮ್ಮ ಅಡುಗೆಮನೆಯಲ್ಲೇ ತನ್ನ ಅಡುಗೆ ಮಾಡಿಕೊಳ್ಳುತ್ತದೆ. ಒಂದು ಹಗಲು ಮುಗಿಯುವುದರೊಳಗೆ ಆ ಒಂದು ಕೋಶದಿಂದ ಹೊಸ ವೈರಸ್ಸುಗಳ ಹಿಂಡೇ ಹೊರಟು ಪಕ್ಕದ ಕೋಶಗಳಿಗೆ ನುಗ್ಗುತ್ತದೆ. ಅದು ಮೊದಲು ಹಿಡಿಯುವುದು ಆ ಪೊರಕೆ ಕೂದಲಿನ ಕೋಶಗಳನ್ನೇ.

ಕೋಶ ಸುಮ್ಮನೆ ಸಾಯುವುದಿಲ್ಲ. ಒಳಗೆ ಬಂದದ್ದು ನಮ್ಮದಲ್ಲ ಎಂದು ಗುರುತಿಸುವ ಪರೀಕ್ಷಕರು ಪ್ರತಿ ಕೋಶದಲ್ಲೂ ಇದ್ದಾರೆ. ಅವರು ಗುರುತಿಸಿದ ತಕ್ಷಣ ಕೋಶ ಒಂದು ರಾಸಾಯನಿಕ ಕೂಗು ಹಾಕುತ್ತದೆ. ಅದೇ ಇಂಟರ್‌ಫೆರಾನ್. ಅದನ್ನು ಕಂಡುಹಿಡಿದ ಬಗೆ ಸ್ವಾರಸ್ಯವಾಗಿದೆ. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಆಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜಾನ್ ಲಿಂಡೆನ್‌ಮಾನ್ ಕೋಳಿಮೊಟ್ಟೆಯ ಪೊರೆಯ ಚೂರುಗಳನ್ನು ಬಿಸಿಮಾಡಿ ಕೊಂದ ಫ್ಲೂ ವೈರಸ್ಸಿನೊಂದಿಗೆ ಇಟ್ಟರು. ಆಮೇಲೆ ಆ ದ್ರವವನ್ನಷ್ಟೇ ತೆಗೆದು ಹೊಸ ಪೊರೆಗೆ ಹಾಕಿ, ಜೀವಂತ ವೈರಸ್ಸನ್ನು ಬಿಟ್ಟರು. ವೈರಸ್ ಬೆಳೆಯಲಿಲ್ಲ! ಮೊದಲ ಪೊರೆ ಏನನ್ನೋ ಹೊರಸೂಸಿತ್ತು, ಅದು ಎರಡನೆಯ ಪೊರೆಯನ್ನು ಎಚ್ಚರಿಸಿತ್ತು. ಅಡ್ಡಿಮಾಡುವ ವಸ್ತು ಎಂಬ ಅರ್ಥದಲ್ಲಿ ಅದಕ್ಕೆ ಆ ಹೆಸರಿಟ್ಟರು.

ಅಡ್ಡಿ ಹೇಗೆ? ಬೀದಿಯ ಒಂದು ಮನೆಗೆ ಕಳ್ಳ ನುಗ್ಗಿದ ಎಂದು ಕೂಗಿದರೆ ಪಕ್ಕದವರು ಬಾಗಿಲು ಹಾಕಿ ಅಗುಳಿ ಇಡುವುದಿಲ್ಲವೇ? ಹಾಗೆಯೇ ಪಕ್ಕದ ಕೋಶಗಳು ನೂರಾರು ವಂಶವಾಹಿಗಳನ್ನು ಒಮ್ಮೆಲೇ ಎಬ್ಬಿಸಿ ತಮ್ಮ ಅಡುಗೆಮನೆಯನ್ನೇ ಮುಚ್ಚಿಬಿಡುತ್ತವೆ. ಒಲೆ ಉರಿಯದಿದ್ದರೆ ಕಳ್ಳನಿಗೂ ಊಟವಿಲ್ಲ. ವೈರಸ್ಸೂ ದಡ್ಡನಲ್ಲ. ಕೂಗುವವನ ಬಾಯಿ ಮುಚ್ಚಲು ಫ್ಲೂ ವೈರಸ್ಸಿನಲ್ಲಿ ಅದಕ್ಕೆಂದೇ ಒಂದು ಪ್ರೋಟೀನು ಇದೆ. ಯಾರು ಮೊದಲು ಎಂಬ ಈ ಓಟದಲ್ಲಿ ಮೊದಲ ಒಂದೆರಡು ದಿನ ಕಳೆಯುತ್ತದೆ.

ಈ ಕೂಗಿನ ಬೆಲೆ ಏನೆಂದು ಕೊರೊನಾ ಕಾಲದಲ್ಲಿ ಸ್ಪಷ್ಟವಾಗಿ ತಿಳಿಯಿತು. 2020ರಲ್ಲಿ ಪ್ಯಾರಿಸ್ ಮತ್ತು ನ್ಯೂಯಾರ್ಕಿನ ಸಂಶೋಧಕರು ಜೀವಾಪಾಯದಲ್ಲಿದ್ದ 987 ಕೋವಿಡ್ ರೋಗಿಗಳ ರಕ್ತ ಪರೀಕ್ಷಿಸಿದರು. 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. ಅವರಲ್ಲಿ 95 ಮಂದಿ ಗಂಡಸರು. ಒಂದೇ ಮನೆಯಲ್ಲಿ ಒಬ್ಬರಿಗೆ ಬರೀ ಶೀತ, ಇನ್ನೊಬ್ಬರಿಗೆ ವೆಂಟಿಲೇಟರ್ ಏಕೆ ಎಂದು ಆಗ ನಾವೆಲ್ಲ ಕೇಳುತ್ತಿದ್ದೆವು. ಎಲ್ಲ ರೋಗಿಗಳಿಗಲ್ಲವಾದರೂ ಹತ್ತರಲ್ಲಿ ಒಬ್ಬರ ಮಟ್ಟಿಗೆ ಇದು ಉತ್ತರ.

ಜ್ವರ ಯಾರದು?

ಫ್ಲೂ ಬಂದವರು ಮೈಯೆಲ್ಲ ಬಡಿದು ಹಾಕಿದ ಹಾಗಿದೆ ಎನ್ನುತ್ತಾರೆ. ವೈರಸ್ ಇರುವುದು ಗಂಟಲು ಎದೆಯಲ್ಲಿ. ಹಾಗಿದ್ದರೆ ಸೊಂಟ, ಮೀನಖಂಡ ನೋಯುವುದೇಕೆ? ನೋಯಿಸುವುದು ನಮ್ಮವೇ ಸಂದೇಶಗಳು. ಇಂಟರ್‌ಫೆರಾನ್ ಮತ್ತು ಅದರ ಬಳಗದ ಇತರ ರಾಸಾಯನಿಕಗಳು ರಕ್ತದಲ್ಲಿ ತಲೆಯವರೆಗೆ ಹೋಗುತ್ತವೆ. ಮೆದುಳಿನಲ್ಲಿರುವ ಉಷ್ಣತೆಯ ಮೀಟರನ್ನು ಒಂದೆರಡು ಡಿಗ್ರಿ ಮೇಲಕ್ಕೆ ತಿರುಗಿಸುತ್ತವೆ. ಮೈ ಆಗ ತಾನು ತಣ್ಣಗಿದ್ದೇನೆಂದು ತಿಳಿದು ನಡುಗಿ ಬಿಸಿಯೇರಿಸಿಕೊಳ್ಳುತ್ತದೆ. ಜ್ವರ ಏರುವ ಮುಂಚೆ ಚಳಿಯಾಗುವುದು ಅದಕ್ಕೇ. ಇದಕ್ಕೆ ಒಳ್ಳೆಯ ಸಾಕ್ಷಿಯೂ ಇದೆ. ಹಿಂದೆ ಯಕೃತ್ತಿನ ವೈರಸ್ ಕಾಯಿಲೆಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದಾಗ ಫ್ಲೂ ವೈರಸ್ ಇಲ್ಲದೆಯೇ ರೋಗಿಗಳಿಗೆ ಚಳಿ, ಜ್ವರ, ಮೈಕೈ ನೋವು ಎಲ್ಲ ಬರುತ್ತಿತ್ತು.

ಎಂದ ಮೇಲೆ ಜ್ವರವೇ ಕಾಯಿಲೆಯಲ್ಲ. ಮಗು ಚುರುಕಾಗಿದ್ದು ನೀರು ಕುಡಿಯುತ್ತಿದ್ದರೆ ಥರ್ಮಾಮೀಟರಿನ ಅಂಕಿಗೆ ಹೆದರಿ ಗಂಟೆಗೊಮ್ಮೆ ಮಾತ್ರೆ ಕೊಡಬೇಕಾಗಿಲ್ಲ. ಮಗು ಸಂಕಟಪಡುತ್ತಿದ್ದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಬೇಡ. ಫ್ಲೂ ಇರುವ ಮಗುವಿಗೆ ಅದನ್ನು ಕೊಟ್ಟರೆ ಅಪರೂಪಕ್ಕೆ ಮೆದುಳು ಮತ್ತು ಯಕೃತ್ತನ್ನು ಹಾಳುಮಾಡುವ ಘೋರ ಸ್ಥಿತಿ ಬರಬಹುದು. ಇನ್ನು ಕಷಾಯ. ಕೇಳದಿದ್ದರೂ ಹೇಳುತ್ತೇನೆ: ಶುಂಠಿ ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ನೀರಿನಂಶವೂ ಹೋಗುತ್ತದೆ, ಧಾರಾಳವಾಗಿ ಕುಡಿಯಿರಿ. ವೈರಸ್ ಮಾತ್ರ ಅದರಿಂದ ಸಾಯುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಬೇಡಿ.

ಐದನೆಯ ದಿನದ ಸೈನ್ಯ

ಇಷ್ಟರವರೆಗೆ ನಡೆದದ್ದು ಊರವರೇ ದೊಣ್ಣೆ ಹಿಡಿದು ಮಾಡಿದ ಜಗಳ. ನಿಜವಾದ ಸೈನ್ಯ ಬರಲು ಐದಾರು ದಿನ ಬೇಕು. ಏಕೆಂದರೆ ನಮ್ಮ ದೇಹದಲ್ಲಿ ಟಿ ಕೋಶ ಎಂಬ ಬಿಳಿ ರಕ್ತಕಣಗಳಿದ್ದರೂ, ಈ ನಿರ್ದಿಷ್ಟ ವೈರಸ್ಸನ್ನು ಗುರುತಿಸಬಲ್ಲವು ಲಕ್ಷಾಂತರಗಳಲ್ಲಿ ಬೆರಳೆಣಿಕೆಯಷ್ಟು. ಅವನ್ನು ಹುಡುಕಿ ಎಬ್ಬಿಸಬೇಕು. ಆ ಕೆಲಸವನ್ನು ಕೊಂಬೆ ಕೋಶಗಳು ಮಾಡುತ್ತವೆ. ಗಿಡದ ರೆಂಬೆಗಳಂತೆ ಕೈ ಚಾಚಿರುವುದರಿಂದ ಹಾಗೆನ್ನಬಹುದು. ಅವು ಶ್ವಾಸಕೋಶದಲ್ಲಿ ವೈರಸ್ಸಿನ ಚೂರನ್ನು ಹೆಕ್ಕಿಕೊಂಡು ಎದೆಯ ಮಧ್ಯದ ದುಗ್ಧಗ್ರಂಥಿಗೆ ಓಡುತ್ತವೆ. ಅಲ್ಲಿ ಒಂದೊಂದು ಟಿ ಕೋಶಕ್ಕೂ ಆ ಚೂರನ್ನು ತೋರಿಸುತ್ತವೆ. ಹೊಂದುವ ಕೋಶ ಸಿಕ್ಕಿತೋ, ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯತೊಡಗುತ್ತದೆ.

ಈ ಕೊಂಬೆ ಕೋಶಗಳನ್ನು ಗುರುತಿಸಿದ ರಾಲ್ಫ್ ಸ್ಟೈನ್‌ಮನ್‌ರಿಗೆ 2011ರ ನೊಬೆಲ್ ಪ್ರಶಸ್ತಿ ಬಂತು. ಘೋಷಣೆಯಾದ ಮೇಲಷ್ಟೇ ತಿಳಿಯಿತು, ಅವರು ಮೂರು ದಿನ ಮೊದಲೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ತಮ್ಮ ಕ್ಯಾನ್ಸರಿಗೆ ತಾವೇ ಕಂಡ ಕೋಶಗಳ ಚಿಕಿತ್ಸೆಯನ್ನೂ ಅವರು ಪಡೆಯುತ್ತಿದ್ದರು. ಸತ್ತವರಿಗೆ ನೊಬೆಲ್ ಕೊಡುವುದಿಲ್ಲ ಎಂಬ ನಿಯಮವಿದ್ದರೂ ಸಮಿತಿ ಪ್ರಶಸ್ತಿಯನ್ನು ಹಿಂತೆಗೆದುಕೊಳ್ಳಲಿಲ್ಲ.

ಬೆಳೆದು ಸಾವಿರಾರಾದ ಟಿ ಕೋಶಗಳು ರಕ್ತದ ಮೂಲಕ ಶ್ವಾಸಕೋಶಕ್ಕೆ ಬರುತ್ತವೆ. ಅವುಗಳಲ್ಲಿ ಒಂದು ಗುಂಪು ಕೊಲ್ಲುವ ಗುಂಪು. ಏನನ್ನು ಕೊಲ್ಲುತ್ತವೆ? ವೈರಸ್ಸನ್ನಲ್ಲ. ವೈರಸ್ ಅಡಗಿರುವ ನಮ್ಮದೇ ಕೋಶಗಳನ್ನು! ವೈರಸ್ ಹೊಕ್ಕ ಕೋಶ ತನ್ನ ಹೊರಮೈಯಲ್ಲಿ ಅದರ ಚೂರೊಂದನ್ನು ತನ್ನದೇ ಗುರುತಿನ ಚೀಟಿಯ ಜೊತೆ ಎತ್ತಿ ಹಿಡಿಯುತ್ತದೆ. ಕೊಲ್ಲುವ ಕೋಶ ಎರಡನ್ನೂ ಒಟ್ಟಿಗೆ ನೋಡಿದ ಮೇಲೆಯೇ ಕೈ ಮಾಡುತ್ತದೆ. ಇದನ್ನು 1970ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ತೋರಿಸಿದ ಪೀಟರ್ ಡೊಹರ್ಟಿ ಮೂಲತಃ ದನದ ಡಾಕ್ಟರು. ಜೊತೆಗಾರ ರಾಲ್ಫ್ ಜಿಂಕರ್‌ನಾಗೆಲ್‌ರೊಂದಿಗೆ ಅವರು 1996ರಲ್ಲಿ ನೊಬೆಲ್ ಹಂಚಿಕೊಂಡರು. ಇದೇ ಹೊತ್ತಿಗೆ ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸಿ ಹೊರಗೆ ತಿರುಗುವ ವೈರಸ್ಸುಗಳನ್ನು ಹಿಡಿಯತೊಡಗುತ್ತವೆ. ಒಂದು ವಾರದ ಸುಮಾರಿಗೆ ಜ್ವರ ಬಿಟ್ಟಿತು, ಗಂಜಿ ರುಚಿಸಿತು ಎಂದರೆ ಗೆದ್ದೆವು ಎಂದರ್ಥ.

ಆದರೆ ಸುಟ್ಟ ಮನೆಗಳು ನಮ್ಮವೇ. ಗಾಳಿಗೂಡಿನ ತೆಳು ಗೋಡೆಯಲ್ಲಿ ಇಂಥ ಯುದ್ಧ ನಡೆದರೆ ಗೋಡೆ ಸೋರುತ್ತದೆ, ಗಾಳಿ ಇರಬೇಕಾದಲ್ಲಿ ನೀರು ತುಂಬುತ್ತದೆ. ಹೆಚ್ಚಿನವರಲ್ಲಿ ಸೈನ್ಯ ಕೆಲಸ ಮುಗಿದೊಡನೆ ಹಿಂದೆ ಹೋಗುತ್ತದೆ. ಕೆಲವರಲ್ಲಿ ಹೋಗುವುದಿಲ್ಲ. 1918ರ ವೈರಸ್ಸನ್ನು ವಿಜ್ಞಾನಿಗಳು ಅಲಾಸ್ಕದ ಹಿಮದಲ್ಲಿ ಹೂಳಿದ್ದ ಒಂದು ಶವದ ಶ್ವಾಸಕೋಶದಿಂದಲೂ, ಅಂದಿನ ಸೈನಿಕರ ಆಸ್ಪತ್ರೆಗಳಲ್ಲಿ ತೆಗೆದಿಟ್ಟ ಚೂರುಗಳಿಂದಲೂ ಓದಿಕೊಂಡು 2005ರಲ್ಲಿ ಪ್ರಯೋಗಾಲಯದಲ್ಲಿ ಮತ್ತೆ ಕಟ್ಟಿದರು. 2007ರಲ್ಲಿ ಅದನ್ನು ಮಂಗಗಳಿಗೆ ಕೊಟ್ಟು ನೋಡಿದಾಗ ಮೊದಲ ಕೂಗು ಸರಿಯಾಗಿ ಏಳದೆ, ಆಮೇಲಿನ ಗದ್ದಲ ಮಾತ್ರ ಮಿತಿಮೀರಿ ಶ್ವಾಸಕೋಶ ನೀರು ರಕ್ತದಿಂದ ತುಂಬಿತ್ತು. ಆ ಸಾಂಕ್ರಾಮಿಕದಲ್ಲಿ ಭಾರತದಲ್ಲಿ ಸತ್ತವರ ಅಂದಾಜು 1.2 ಕೋಟಿಯಿಂದ 1.8 ಕೋಟಿ. 1911ರಿಂದ 1921ರ ದಶಕದಲ್ಲಿ ಮಾತ್ರ ನಮ್ಮ ದೇಶದ ಜನಗಣತಿಯ ಸಂಖ್ಯೆ ಏರುವ ಬದಲು ಇಳಿಯಿತು.

‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿಗಳು ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಎಲ್ಲವನ್ನೂ ಹೆಚ್ಚಿಸಿದರೆ ಒಳ್ಳೆಯದು ಎಂದು ಮಾರುವವರು ಹೇಳಬಹುದು. ಶ್ವಾಸಕೋಶದ ವಾರ್ಡಿನಲ್ಲಿ ಒಂದು ರಾತ್ರಿ ಪಾಳಿ ಮಾಡಿದವರು ಹಾಗೆ ಹೇಳಲಾರರು.

ಎರಡನೆಯ ಜ್ವರ

ಈಗ ಜಸಿಂತಾಳಿಗೆ ಮತ್ತು ಮುಖಮಂಟಪದ ಆ ತಾಯಿಗೆ ಮರಳೋಣ.

ವೈರಸ್ ಹೋದ ಮೇಲೆ ಎದೆಯೊಳಗಿನ ಸ್ಥಿತಿ ಹೇಗಿರುತ್ತದೆ ನೋಡಿ. ಪೊರಕೆ ಕೂದಲುಗಳು ಉದುರಿವೆ. ನಳಿಕೆಯ ಗೋಡೆ ಹಸಿ ಗಾಯದಂತಿದೆ. ನೆನಪಿಡಿ ಎಂದೆನಲ್ಲ, ಆ ಭಕ್ಷಕ ಕೋಶಗಳು ಬಹಳಷ್ಟು ಸತ್ತಿವೆ. ಉಳಿದವು, ವೈರಸ್ಸಿನ ವಿರುದ್ಧ ಹೊರಡಿಸಿದ ಸಂದೇಶಗಳ ಪ್ರಭಾವದಿಂದಲೇ, ಬ್ಯಾಕ್ಟೀರಿಯಾ ನುಂಗುವುದರಲ್ಲಿ ಮಂದವಾಗಿವೆ. ಗಾಳಿಗೂಡಿನಲ್ಲಿ ಸೋರಿದ ನೀರು, ಸತ್ತ ಕೋಶಗಳ ಕಸ. ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಗೊಬ್ಬರದ ಗುಂಡಿ ಬೇಕೆ? ಅವು ದೂರದಿಂದ ಬರಬೇಕಾಗಿಯೂ ಇಲ್ಲ. ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತ ಮಕ್ಕಳ ಮೂಗಿನ ಹಿಂದೆಯೇ ಸುಮ್ಮನೆ ವಾಸವಾಗಿರುತ್ತದೆ. ದಾರಿಯಲ್ಲಿ ಪೊರಕೆ ಇಲ್ಲ, ಕೆಳಗೆ ಕಾವಲಿಲ್ಲ ಎಂದಾದಾಗ ಅದು ಕೆಳಗಿಳಿಯುತ್ತದೆ.

ಹಾಗಾಗಿ ಜ್ವರ ಬಿಟ್ಟು, ಮಗು ಒಂದೆರಡು ದಿನ ಗೆಲುವಾಗಿದ್ದು, ಮತ್ತೆ ಜ್ವರ ಏರಿದರೆ ಅದು ಹಳೆಯ ಜ್ವರದ ಬಾಲ ಎಂದು ಸುಮ್ಮನಿರಬಾರದು. ಅದು ಹೊಸ ಶತ್ರುವಿನ ಜ್ವರವಿರಬಹುದು. ಉಸಿರೆಳೆದಾಗ ಎದೆ ಚುಚ್ಚುವುದು, ಕಫದ ಬಣ್ಣ ತುಕ್ಕಿನಂತೆ ಅಥವಾ ಹಸಿರಾಗುವುದು, ಉಸಿರು ವೇಗವಾಗುವುದು ಅದರ ಜೊತೆಗಾರರು. 2008ರಲ್ಲಿ ಅಮೆರಿಕದ ಸಂಶೋಧಕರು 1918ರಲ್ಲಿ ಸತ್ತವರಿಂದ ತೆಗೆದು ಕಾಪಾಡಿದ್ದ ಶ್ವಾಸಕೋಶದ ಚೂರುಗಳನ್ನು ಮತ್ತೆ ಪರೀಕ್ಷಿಸಿ, ಆ ಕಾಲದ ಶವಪರೀಕ್ಷೆಯ ವರದಿಗಳನ್ನೂ ಓದಿ ಹೇಳಿದ್ದು ಇದನ್ನೇ: ಹೆಚ್ಚಿನವರನ್ನು ಕೊನೆಗೆ ಕೊಂದದ್ದು ಫ್ಲೂ ತೆರೆದ ಬಾಗಿಲಿನಿಂದ ಒಳಬಂದ ಬ್ಯಾಕ್ಟೀರಿಯಾದ ನ್ಯೂಮೋನಿಯಾ. ಜಸಿಂತಾಳ ಎದೆಯ ಕೀವೂ ಇಂಥ ನ್ಯೂಮೋನಿಯಾದ ಹಿಂದೆ ಬರುವ ತೊಡಕೇ. ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ, ಅವಳು ತೀರಿಕೊಂಡು ಎಂಟು ವರ್ಷಗಳ ಮೇಲೆ. ಲಿಸ್ಬನ್ನಿನ ವೈದ್ಯರ ಕೈಯಲ್ಲಿ ಚಾಕು ಬಿಟ್ಟರೆ ಬೇರೆ ಆಯುಧವಿರಲಿಲ್ಲ.

ನಮ್ಮ ಕೈಯಲ್ಲಿದೆ. ಆದರೆ ಅದನ್ನು ನಾವು ತಲೆಕೆಳಗಾಗಿ ಬಳಸುತ್ತೇವೆ. ಮೊದಲ ದಿನದ ಶೀತಕ್ಕೆ ಮೆಡಿಕಲ್ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಎರಡು ದಿನ ನುಂಗಿಸುತ್ತೇವೆ. ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ, ಮೂಗಿನ ಹಿಂದಿನ ಬ್ಯಾಕ್ಟೀರಿಯಾ ಮಾತ್ರ ಮದ್ದಿಗೆ ಪಳಗುತ್ತದೆ. ನಿಜವಾಗಿ ಅದು ಬೇಕಾಗುವ ಎರಡನೆಯ ಜ್ವರ ಬಂದಾಗ ‘ವೈರಲ್ ತಾನೇ’ ಎಂದು ಮನೆಯಲ್ಲಿ ಕೂರುತ್ತೇವೆ. ಫ್ಲೂ ವೈರಸ್ಸಿಗೆಂದೇ ಇರುವ ಒಸೆಲ್ಟಾಮಿವಿರ್ ಮಾತ್ರೆಯಾದರೋ ಮೊದಲ ಎರಡು ದಿನಗಳೊಳಗೆ ಆರಂಭಿಸಿದರೆ ಹೆಚ್ಚು ಉಪಯೋಗ. ಗರ್ಭಿಣಿಯರು, ವೃದ್ಧರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗ ಇರುವವರು ಬೇಗ ವೈದ್ಯರನ್ನು ಕಾಣುವುದು ಅದಕ್ಕಾಗಿ.

ಮಕ್ಕಳ ಉಸಿರು ಎಣಿಸುವುದನ್ನು ಪ್ರತಿ ತಾಯಿಯೂ ತಂದೆಯೂ ಕಲಿಯಬೇಕು. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳಿನಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಎರಡು ತಿಂಗಳೊಳಗಿನ ಕೂಸಿಗೆ ಆ ಮಿತಿ 60. ಉಸಿರಿನ ಜೊತೆ ಪಕ್ಕೆಯ ಕೆಳಗೆ ಗುಂಡಿ ಬೀಳುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ರಾತ್ರಿಯಾದರೂ ಹೊರಡಿ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಕಪಾಟಿನಲ್ಲಿದ್ದರೆ ಸೆಲ್ ಬದಲಿಸಿ ತೆಗೆದಿಡಿ. 94ಕ್ಕಿಂತ ಕಡಿಮೆ ತೋರಿಸಿದರೆ ಕಾಯಬೇಡಿ. 2020ರ ಮಾರ್ಚ್ ಕೊನೆಗೆ ತಲಪಾಡಿಯ ಗಡಿ ಮುಚ್ಚಿ, ಅಡ್ಡರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗಳ ದಾರಿ ಕಡಿದುಹೋದ ದಿನಗಳನ್ನು ಮಂಜೇಶ್ವರ ಕಾಸರಗೋಡಿನ ನಾವು ಮರೆಯಲಾರೆವು. ಆಸ್ಪತ್ರೆ ದೂರ ಇರುವವರು ಹೊರಡುವ ಹೊತ್ತನ್ನು ಬೇಗ ಗುರುತಿಸಲು ಕಲಿಯಲೇಬೇಕು.

ಅಗ್ಗದ ಮದ್ದು, ಸರಿಯಾದ ಹೊತ್ತು

ಸೈನ್ಯ ಹಿಂದೆ ಹೋಗದಿದ್ದಾಗ ಅದನ್ನು ತಡೆಯಬಹುದೇ? 2020ರ ಜೂನ್‌ನಲ್ಲಿ ಇಂಗ್ಲೆಂಡಿನ ರಿಕವರಿ ಎಂಬ ದೊಡ್ಡ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಡೆಕ್ಸಾಮೆಥಸೋನ್ ಎಂಬ ಹಳೆಯ, ಅತಿ ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರನೆಯ ಒಂದರಷ್ಟು, ಬರೀ ಆಮ್ಲಜನಕದಲ್ಲಿದ್ದವರ ಸಾವನ್ನು ಐದನೆಯ ಒಂದರಷ್ಟು ಇಳಿಸಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಏನೂ ಪ್ರಯೋಜನವಾಗಲಿಲ್ಲ. ಎರಡನೆಯ ವಾರದಲ್ಲಿ ಜೀವ ಉಳಿಸುವ ಮದ್ದು ಎರಡನೆಯ ದಿನ ಕೊಟ್ಟರೆ ಕಾವಲುಗಾರರ ಕೈ ಕಟ್ಟಿ ಹಾಕಿದಂತೆ. 2021ರ ಎರಡನೆಯ ಅಲೆಯಲ್ಲಿ ನಮ್ಮ ದೇಶದಲ್ಲಿ ಬೇಕಾದವರೂ ಬೇಡದವರೂ ಸ್ಟೀರಾಯ್ಡ್ ನುಂಗಿದರು. ಹಿಡಿತ ತಪ್ಪಿದ ಸಕ್ಕರೆ ಕಾಯಿಲೆಯೂ ಅದಕ್ಕೆ ಕೂಡಿ ಕಪ್ಪು ಶಿಲೀಂಧ್ರ ಎಂದು ಪತ್ರಿಕೆಗಳು ಕರೆದ ರೋಗ ಎಷ್ಟೋ ಮಂದಿಯ ಕಣ್ಣು ತೆಗೆಯಿತು. ಇನ್ನು, ಕೋವಿಡ್ಡಿನ ಈ ಲೆಕ್ಕ ಫ್ಲೂ ಜ್ವರಕ್ಕೆ ನಡೆಯುವುದಿಲ್ಲ. ಹಳೆಯ ಚೀಟಿ ತೋರಿಸಿ ಮದ್ದು ಕೊಳ್ಳುವ ಅಭ್ಯಾಸ ಬಿಡಬೇಕು.

ಬಾಗಿಲು ತೆರೆಯದ ಹಾಗೆ ಮಾಡುವುದು ಲಸಿಕೆ. ಫ್ಲೂ ವೈರಸ್ ವರ್ಷ ವರ್ಷ ಅಂಗಿ ಬದಲಿಸುವುದರಿಂದ ಆ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ಗರ್ಭಿಣಿ ಹಾಕಿಸಿಕೊಂಡರೆ ಅವಳ ಪ್ರತಿಕಾಯಗಳು ಕೂಸಿಗೂ ಹೋಗಿ ಮೊದಲ ಕೆಲವು ತಿಂಗಳು ಕಾಯುತ್ತವೆ. ನ್ಯೂಮೋಕಾಕಸ್ ವಿರುದ್ಧದ ಲಸಿಕೆಯನ್ನು ಕೇಂದ್ರ ಸರಕಾರ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ 2021ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು, ಹೀಗೆ ಮೂರು ಸಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ನಾಮಕರಣದ ಪ್ರಮಾಣಪತ್ರದಷ್ಟೇ ಜೋಪಾನವಾಗಿ ಆ ಕಾರ್ಡನ್ನೂ ಇಟ್ಟುಕೊಳ್ಳಿ.

ಒಮ್ಮೆ ಹೋರಾಡಿದ ಕೋಶಗಳಲ್ಲಿ ಕೆಲವು ಸಾಯದೆ ಉಳಿಯುತ್ತವೆ. ಎಷ್ಟು ಕಾಲ? 2008ರಲ್ಲಿ ಅಮೆರಿಕದ ವಿಜ್ಞಾನಿಗಳು 1918ರ ಫ್ಲೂ ಕಾಲವನ್ನು ಬಾಲ್ಯದಲ್ಲಿ ಕಂಡು ಬದುಕಿ ಉಳಿದ 32 ಮಂದಿ ವೃದ್ಧರ ರಕ್ತ ಪರೀಕ್ಷಿಸಿದರು. ಅವರೆಲ್ಲರ ವಯಸ್ಸು 91ರಿಂದ 101. ತೊಂಬತ್ತು ವರ್ಷಗಳಾದ ಮೇಲೂ ಅವರ ರಕ್ತ ಆ ವೈರಸ್ಸನ್ನು ಗುರುತಿಸಿತು. ಕೆಲವರ ಕೋಶಗಳಿಂದ ತೆಗೆದ ಪ್ರತಿಕಾಯಗಳು ಆ ವೈರಸ್ ಹೊಕ್ಕ ಇಲಿಗಳನ್ನು ಬದುಕಿಸಿದವು. ಜಸಿಂತಾಳ ಓರಗೆಯವರ ರಕ್ತ ಅದು.

ಅಂದ ಹಾಗೆ, ಮುಖಮಂಟಪದ ಆ ಹುಡುಗನಿಗೆ ನ್ಯೂಮೋನಿಯಾ ಆಗಿತ್ತು. ಎಕ್ಸ್‌ರೇಯಲ್ಲಿ ಬಲಗಡೆಯ ಕೆಳಭಾಗ ಬಿಳಿಯಾಗಿ ಕಂಡಿತು. ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಸೆಪ್ಟೆಂಬರ್ 8ರ ತೆನೆ ಹಬ್ಬದ ದಿನ ಹೂವಿನ ಬುಟ್ಟಿ ಹಿಡಿದು ಮಕ್ಕಳ ಸಾಲಿನಲ್ಲಿ ನಿಂತಿದ್ದ. ಮಾತೆಗೆ ಹೂ ಸಮರ್ಪಿಸುವಾಗ ಎರಡು ಸಲ ಕೆಮ್ಮಿದ. ಅವನ ತಾಯಿ ತಿರುಗಿ ನನ್ನತ್ತ ನೋಡಿದಳು. ಜ್ವರ ಉಂಟಾ ಎಂದು ಸನ್ನೆಯಲ್ಲೇ ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಪೊರಕೆ ಕೂದಲು ಪೂರ್ತಿ ಬೆಳೆಯಲು ಇನ್ನೂ ಕೆಲವು ವಾರ ಬೇಕು, ಅಲ್ಲಿಯವರೆಗೆ ಒಣಕೆಮ್ಮು ಇದ್ದೇ ಇರುತ್ತದೆ ಎಂದು ಪೂಜೆಯ ಬಳಿಕ, ಹೊಸ ಅಕ್ಕಿಯ ತೆನೆ ಹಿಡಿದು ಮನೆಗೆ ಹೋಗುವಾಗ ಅವಳಿಗೆ ಹೇಳಿದೆ.